ಕುಂಡದಲ್ಲಿ ತಾನಾಗಿ ಹುಟ್ಟಿದ ಗೋಣಿ ಸೊಪ್ಪು: ಹಸಿಯಾಗಿ ಯಾರು ತಿನ್ನಬಹುದು, ಎಷ್ಟು?

ಪ್ರಶ್ನೆ: ನಮ್ಮ ತಾರಸಿಯ ಟೊಮೆಟೊ ಮತ್ತು ಗುಲಾಬಿ ಕುಂಡಗಳಲ್ಲಿ ಪ್ರತಿ ಬೇಸಿಗೆಗೂ ಗೋಣಿ ಸೊಪ್ಪು ತಾನಾಗಿಯೇ ಹುಟ್ಟುತ್ತದೆ. ಇಷ್ಟು ದಿನ ಕಿತ್ತು ಎಸೆಯುತ್ತಿದ್ದೆ. ಮೀನಿನಲ್ಲಿರುವಷ್ಟೇ ಒಮೆಗಾ-3 ಇದರಲ್ಲೂ ಇದೆ, ಹಸಿಯಾಗಿಯೇ ಸಲಾಡ್ ಮಾಡಿ ತಿನ್ನಿ ಎಂದು ಒಂದು ವಿಡಿಯೊದಲ್ಲಿ ನೋಡಿದ ಮೇಲೆ ಈಗ ಒಂದು ತಿಂಗಳಿಂದ ಮನೆಯವರೆಲ್ಲ ದಿನಾ ಒಂದೊಂದು ಬಟ್ಟಲು ತಿನ್ನುತ್ತಿದ್ದೇವೆ. ನಮ್ಮ ಯಜಮಾನರಿಗೆ ಎರಡು ವರ್ಷದ ಹಿಂದೆ ಕಿಡ್ನಿಯಲ್ಲಿ 6 ಮಿ.ಮೀ. ಕಲ್ಲಾಗಿತ್ತು. ‘ಈ ಸೊಪ್ಪು ತಂಪು, ಕಲ್ಲು ಕರಗಿಸುತ್ತದೆ’ ಎಂದು ಅತ್ತೆ ಹೇಳುತ್ತಾರೆ. ‘ಮುರಿದರೆ ಹಾಲು ಬರುತ್ತದೆ, ಅದು ವಿಷ’ ಎಂದು ಪಕ್ಕದ ಮನೆಯವರು ಹೆದರಿಸುತ್ತಾರೆ. ಬೆಳಗ್ಗೆ ಕಿತ್ತ ಎಲೆ ತುಂಬ ಹುಳಿ, ಸಂಜೆ ಅಷ್ಟಿರುವುದಿಲ್ಲ, ಇದೂ ವಿಷದ ಲಕ್ಷಣವೇ? ಐದು ವರ್ಷದ ಮಗಳು ಕುಂಡದಿಂದಲೇ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾಳೆ. ಟೊಮೆಟೊ ಗಿಡಕ್ಕೆ ಬಿಳಿ ನೊಣ ಬಂದಾಗ ಔಷಧಿ ಹೊಡೆದಿದ್ದೆವು. ತಿನ್ನುವುದನ್ನು ನಿಲ್ಲಿಸಬೇಕೆ, ಮುಂದುವರಿಸಬಹುದೆ?

ಉತ್ತರ: ಎರಡು ವಿಷಯ ಮೊದಲೇ ಹೇಳಿಬಿಡುತ್ತೇನೆ, ಇವೆರಡನ್ನು ಇವತ್ತೇ ಮಾಡಿ. ನಿಮ್ಮ ಯಜಮಾನರು ಹಸಿ ಗೋಣಿ ಸೊಪ್ಪು ತಿನ್ನುವುದನ್ನು ನಿಲ್ಲಿಸಲಿ. ಔಷಧಿ ಹೊಡೆದ ಕುಂಡಗಳಲ್ಲಿ ಬೆಳೆದ ಸೊಪ್ಪನ್ನು ಮನೆಯಲ್ಲಿ ಯಾರೂ ತಿನ್ನುವುದು ಬೇಡ. ಉಳಿದವರು ಆರೋಗ್ಯವಾಗಿದ್ದರೆ ಈ ಸೊಪ್ಪು ತಿನ್ನುವುದರಲ್ಲಿ ತಪ್ಪಿಲ್ಲ. ಆದರೆ ದಿನಾ ಒಂದು ಬಟ್ಟಲು ಹಸಿ ಎಲೆ ಎನ್ನುವುದು ಅವರಿಗೂ ಜಾಸ್ತಿಯೇ ಆಯಿತು.

ನೀವು ಬರೆದದ್ದನ್ನು ಓದಿದರೆ, ಒಂದೇ ಗಿಡಕ್ಕೆ ಒಬ್ಬರು ಔಷಧಿ ಎನ್ನುತ್ತಾರೆ, ಇನ್ನೊಬ್ಬರು ವಿಷ ಎನ್ನುತ್ತಾರೆ, ನಡುವೆ ನೀವು ಸಿಕ್ಕಿಕೊಂಡಿದ್ದೀರಿ. ಪಕ್ಕದ ಮನೆಯವರ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಅವರು ಹೇಳುವ ‘ಹಾಲು ಬರುವ’ ಗಿಡ ನಿಜವಾಗಿ ಇದೆ, ಅದು ತಿನ್ನಬಾರದ ಗಿಡವೂ ಹೌದು. ಆದರೆ ಅದು ಗೋಣಿ ಸೊಪ್ಪಲ್ಲ.

ಗೋಣಿ ಸೊಪ್ಪಿನ ಸಸ್ಯಶಾಸ್ತ್ರೀಯ ಹೆಸರು ಪೋರ್ಚುಲಾಕ ಒಲರೇಸಿಯ. ಇದರ ಕಾಂಡ ಮುರಿದರೆ ನೀರಿನಂಥ ತಿಳಿ ರಸ ಬರುತ್ತದೆ, ಎಂದೂ ಬಿಳಿ ಹಾಲು ಬರುವುದಿಲ್ಲ. ಹಾಲು ಒಸರುವುದು ಯೂಫೋರ್ಬಿಯಾ ಕುಲದ ಕಳೆಗಳಲ್ಲಿ. ಅವೂ ಇದೇ ಕುಂಡದಲ್ಲಿ, ಇದೇ ಬಿಸಿಲಿನಲ್ಲಿ, ಹೀಗೇ ಕೆಂಪು ಕಾಂಡ ಚಾಚಿ ನೆಲಕ್ಕೆ ಅಂಟಿಕೊಂಡು ಹರಡುತ್ತವೆ. ದೂರದಿಂದ ನೋಡಿದರೆ ಮೋಸ ಹೋಗುವುದು ಸಹಜ. ಕೈಯಲ್ಲಿ ಹಿಡಿದರೆ ಮಾತ್ರ ಸಂಶಯವೇ ಉಳಿಯುವುದಿಲ್ಲ: ಯೂಫೋರ್ಬಿಯಾ ಎಲೆ ತೆಳ್ಳಗೆ ಕಾಗದದ ಹಾಗಿರುತ್ತದೆ, ಕಾಂಡದ ಎರಡೂ ಬದಿ ಎದುರುಬದುರಾಗಿ ಜೋಡಿ ಜೋಡಿಯಾಗಿ ಕೂತಿರುತ್ತದೆ, ಹಲವು ಜಾತಿಗಳಲ್ಲಿ ಕಾಂಡದ ಮೇಲೆ ಸಣ್ಣ ರೋಮವಿರುತ್ತದೆ, ಕೆಲವದರ ಎಲೆಯ ನಡುವೆ ಕಂದು ಮಚ್ಚೆಯೂ ಇರುತ್ತದೆ. ಗೋಣಿ ಸೊಪ್ಪಿನ ಎಲೆ ದಪ್ಪ, ನುಣುಪು. ತುದಿ ಅಗಲವಾಗಿ ದುಂಡಗಿದ್ದು, ಬುಡ ಕಿರಿದಾಗಿ ಕಾಂಡಕ್ಕೆ ಸೇರುತ್ತದೆ, ಉದ್ದನೆಯ ತೊಟ್ಟಿಲ್ಲ. ಕಾಂಡದುದ್ದಕ್ಕೂ ಬಿಡಿಬಿಡಿಯಾಗಿದ್ದು, ತುದಿಗೆ ಬಂದಂತೆ ಎಲೆಗಳು ಗೊಂಚಲಾಗುತ್ತವೆ. ಕಾಂಡದಲ್ಲಿ ರೋಮವೇ ಇಲ್ಲ. ಹೂ ಹಳದಿ, ಸಾಮಾನ್ಯವಾಗಿ ಐದು ಎಸಳು, ಬಿಸಿಲೇರಿದ ಮೇಲೆ ಕೆಲವೇ ಗಂಟೆ ಅರಳಿ ಮುಚ್ಚಿಕೊಳ್ಳುತ್ತದೆ.

ಕಾಯಿ ಬಲಿತ ಗಿಡ ಸಿಕ್ಕರೆ ಇದಕ್ಕಿಂತ ಗಟ್ಟಿ ಗುರುತು ಇನ್ನೊಂದಿಲ್ಲ. ತುದಿಯ ಎಲೆಗಳ ನಡುವೆ ಚೂಪಾದ ಪುಟ್ಟ ಕಾಯಿ ಇರುತ್ತದೆ. ಉಗುರಿನಿಂದ ಮೆಲ್ಲಗೆ ತಟ್ಟಿದರೆ ಕುಂಕುಮದ ಭರಣಿಯ ಮುಚ್ಚಳದಂತೆ ಅದರ ಮೇಲರ್ಧ ಇಡಿಯಾಗಿ ಬಿಚ್ಚಿಕೊಳ್ಳುತ್ತದೆ, ಒಳಗೆ ಒಂದು ಮಿಲಿಮೀಟರ್‌ಗಿಂತ ಚಿಕ್ಕ ಕಪ್ಪು ಬೀಜಗಳು ತುಂಬಿರುತ್ತವೆ. ಯೂಫೋರ್ಬಿಯಾದ ಕಾಯಿ ಮೂರು ಹೋಳಾಗಿರುತ್ತದೆ, ಹೀಗೆ ತೆರೆಯುವುದಿಲ್ಲ.

ಗುರುತು ಗೊತ್ತಿದ್ದವರೂ ತಪ್ಪುವುದು ಕೊಯ್ಯುವಾಗ. ಎರಡೂ ಗಿಡ ಹೆಣೆದುಕೊಂಡು ಬೆಳೆಯುತ್ತವೆ, ಹಿಡಿಹಿಡಿಯಾಗಿ ಕಿತ್ತರೆ ಗೋಣಿ ಸೊಪ್ಪಿನ ಜೊತೆ ಯೂಫೋರ್ಬಿಯಾದ ಒಂದೆರಡು ಎಳೆಯೂ ಬುಟ್ಟಿಗೆ ಬೀಳುತ್ತದೆ. ಆದ್ದರಿಂದ ಒಂದೊಂದೇ ಕವಲು ಕತ್ತರಿಸಿ, ತೊಳೆಯುವ ಮೊದಲು ಬಿಳಿ ಕಾಗದದ ಮೇಲೆ ಹರಡಿ ನೋಡಿ. ಯೂಫೋರ್ಬಿಯಾದ ಹಾಲು ಬಾಯಿ, ಗಂಟಲು ಉರಿಸುತ್ತದೆ, ಹೆಚ್ಚಾದರೆ ವಾಂತಿ, ಭೇದಿ ಆಗುತ್ತದೆ. ಕಣ್ಣಿಗೆ ತಾಗಿದರೆ ಇನ್ನೂ ಅಪಾಯ, ಕಣ್ಣನ್ನು ಧಾರಾಳ ನೀರಿನಲ್ಲಿ ತೊಳೆದು ತಡಮಾಡದೆ ವೈದ್ಯರಿಗೆ ತೋರಿಸಬೇಕು. ನುಂಗಿದವರಿಗೆ ಬಲವಂತದಿಂದ ವಾಂತಿ ಮಾಡಿಸಬೇಡಿ. ಬಾಯಿ ಮುಕ್ಕಳಿಸಿ ಉಗುಳಿಸಿ, ಗಿಡದ ಒಂದು ಕವಲನ್ನು ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಹೋಗಿ.

ಇನ್ನೊಂದು ಕಳೆ ಇದೆ, ಟ್ರಯಾಂಥೆಮಾ. ಹಾಲೂ ಇಲ್ಲ, ಎಲೆಯೂ ದಪ್ಪ, ಹಾಗಾಗಿ ಇಲ್ಲಿ ಮೋಸ ಹೋಗುವವರು ಹೆಚ್ಚು. ಅದರ ಎಲೆಗಳು ಜೋಡಿಯಾಗಿರುತ್ತವೆ, ಆದರೆ ಜೋಡಿಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಎಲೆಗೆ ಸ್ಪಷ್ಟವಾದ ತೊಟ್ಟಿದ್ದು, ತೊಟ್ಟಿನ ಬುಡ ಕಾಂಡವನ್ನು ತೆಳುವಾಗಿ ಅಪ್ಪಿಕೊಂಡಿರುತ್ತದೆ. ಹೂ ಬಿಳಿ ಅಥವಾ ನಸುಗೆಂಪು, ಹಳದಿಯಂತೂ ಅಲ್ಲ. ಬಲಿತ ಟ್ರಯಾಂಥೆಮಾ ಹೊಟ್ಟೆ ಕೆಡಿಸುತ್ತದೆ, ಹಸಿಯಾಗಿ ತಿನ್ನುವ ಸೊಪ್ಪಲ್ಲ. ಅಲಂಕಾರಕ್ಕೆ ಬೆಳೆಸುವ ಟೇಬಲ್ ರೋಸ್ ಇದೇ ಪೋರ್ಚುಲಾಕ ಕುಲದ್ದು. ಸೂಜಿಯಂಥ ದುಂಡನೆ ಎಲೆಯಿಂದ ಅದನ್ನು ಗುರುತಿಸಬಹುದು. ನರ್ಸರಿಯಿಂದ ತಂದ ಹೂಗಿಡವನ್ನು ಸೊಪ್ಪಾಗಿ ಬಳಸಬೇಡಿ, ಯಾರೂ ತಿನ್ನುವುದಿಲ್ಲ ಎಂದುಕೊಂಡೇ ಅದಕ್ಕೆ ಔಷಧಿ ಹೊಡೆದಿರಬಹುದು.

ಬೆಳಗಿನ ಹುಳಿಗೂ ವಿಷಕ್ಕೂ ಸಂಬಂಧವಿಲ್ಲ. ನನ್ನ ಮಟ್ಟಿಗೆ ಈ ಗಿಡದ ಅತ್ಯಂತ ಸ್ವಾರಸ್ಯದ ಸಂಗತಿ ಇದೇ. ಹೆಚ್ಚಿನ ಗಿಡಗಳು ಹಗಲಿನಲ್ಲಿ ಎಲೆಯ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತವೆ, ಆಗ ಎಲೆಯ ನೀರೂ ಆವಿಯಾಗಿ ಹೋಗುತ್ತದೆ. ಗೋಣಿ ಸೊಪ್ಪು ನೀರಿರುವಾಗ ಜೋಳ, ಕಬ್ಬಿನ ದಾರಿ ಹಿಡಿಯುತ್ತದೆ. ಇದಕ್ಕೆ ಸಿ4 ಎನ್ನುತ್ತಾರೆ, ಬಿಸಿಲಿನಲ್ಲಿ ಬೇಗ ಬೆಳೆಯುವ ದಾರಿ ಇದು. ಮಣ್ಣು ಒಣಗಿದಾಗ ಅದರ ಜೊತೆಗೆ ಪಾಪಾಸುಕಳ್ಳಿಯ ದಾರಿಯನ್ನೂ ಸೇರಿಸಿಕೊಳ್ಳುತ್ತದೆ: ರಾತ್ರಿ ಪತ್ರರಂಧ್ರ ತೆರೆದು, ಎಳೆದುಕೊಂಡ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟುಕೊಂಡು, ಹಗಲಿನಲ್ಲಿ ಬಿಸಿಲು ಬಿದ್ದಾಗ ಅದನ್ನು ಖರ್ಚು ಮಾಡುತ್ತದೆ. ಈ ಎರಡೂ ಕ್ರಿಯೆ ಒಂದೇ ಎಲೆಯಲ್ಲಿ ಪರಸ್ಪರ ಹೆಣೆದುಕೊಂಡೇ ನಡೆಯುತ್ತವೆ ಎಂದು ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2022ರಲ್ಲಿ ತೋರಿಸಿದರು. ನಿಮ್ಮ ನಾಲಿಗೆಗೆ ಬೆಳಗ್ಗೆ ಸಿಗುವ ಹುಳಿ ರಾತ್ರಿ ಕೂಡಿಟ್ಟ ಆ ಮ್ಯಾಲಿಕ್ ಆಮ್ಲ, ಸೇಬಿನ ಹುಳಿಯೂ ಅದೇ. ಸಂಜೆಯ ಹೊತ್ತಿಗೆ ಅದು ಬಹುಪಾಲು ಖರ್ಚಾಗಿರುತ್ತದೆ. ಹುಳಿ ಇಷ್ಟವಿದ್ದರೆ ಬೆಳಗ್ಗೆ ಕೊಯ್ಯಿರಿ, ಬೇಡವಾದರೆ ಸಂಜೆ. ಚೆನ್ನಾಗಿ ನೀರುಂಡ ಗಿಡದಲ್ಲಿ ಈ ವ್ಯತ್ಯಾಸ ಕಡಿಮೆ.

ಆದರೆ ಇಲ್ಲೇ ಒಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಸಂಜೆ ಹುಳಿ ಇಳಿದಿದೆ, ಅಂದಮೇಲೆ ಕಿಡ್ನಿಗೆ ತೊಂದರೆ ಕೊಡುವ ಆಮ್ಲವೂ ಇಳಿದಿರಬೇಕು ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಹಾಗಲ್ಲ. ಕಿಡ್ನಿಯ ವಿಷಯದಲ್ಲಿ ನಾವು ನೋಡಬೇಕಾದದ್ದು ಆಕ್ಸಲಿಕ್ ಆಮ್ಲ, ಅದು ಬೇರೆಯೇ. ನಾಲಿಗೆಯ ಹುಳಿ ನೋಡಿ ಅದರ ಪ್ರಮಾಣ ಹೇಳಲು ಬರುವುದಿಲ್ಲ.

ಈಗ ನಿಮ್ಮ ಯಜಮಾನರ ವಿಷಯ. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನಿಂದ ಆದವು. ಆಕ್ಸಲೇಟ್ ಎಂದರೆ ಆಕ್ಸಲಿಕ್ ಆಮ್ಲದ್ದೇ ಲವಣ ರೂಪ. ಆಹಾರದ ಆಕ್ಸಲೇಟ್ ಕರುಳಿನಿಂದ ರಕ್ತಕ್ಕೆ ಸೇರಿ, ಕಿಡ್ನಿಯ ಮೂಲಕ ಹೊರಹೋಗುವಾಗ ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಕೂಡಿ ಹರಳಾಗುತ್ತದೆ. ತಿನ್ನುವ ಸೊಪ್ಪುಗಳಲ್ಲಿ ಆಕ್ಸಲೇಟ್ ಅತಿ ಹೆಚ್ಚಿರುವವುಗಳ ಸಾಲಿನಲ್ಲಿ ಪಾಲಕ್ ಜೊತೆ ಗೋಣಿ ಸೊಪ್ಪೂ ನಿಲ್ಲುತ್ತದೆ. 100 ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 700ರಿಂದ 1,600 ಮಿಲಿಗ್ರಾಂವರೆಗೆ ಅಳೆಯಲಾಗಿದೆ. ತಳಿ, ಮಣ್ಣು, ಗೊಬ್ಬರ, ಗಿಡದ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಈಗ ಒಂದು ಸಣ್ಣ ಹಿಡಿ, ಅಂದರೆ 25 ಗ್ರಾಂ ತೆಗೆದುಕೊಂಡರೂ 175ರಿಂದ 400 ಮಿಲಿಗ್ರಾಂ ಆಯಿತು. ಆಕ್ಸಲೇಟ್ ಕಲ್ಲಿನ ರೋಗಿಗಳಿಗೆ ಹಾಕುವ ಮಿತಿ ಸಾಮಾನ್ಯವಾಗಿ ಇಡೀ ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ. ಒಂದು ಹಿಡಿಯೇ ಮಿತಿ ದಾಟುವಾಗ, ಬಟ್ಟಲಿನ ಮಾತೇ ಬೇಡ. ಹಸಿಯಾಗಿ ತಿಂದಾಗ ಕರಗುವ ರೂಪದ ಆಕ್ಸಲೇಟ್ ಪೂರ್ತಿ ಹೊಟ್ಟೆಗೇ ಹೋಗುತ್ತದೆ, ಕರುಳು ಸುಲಭವಾಗಿ ಹೀರಿಕೊಳ್ಳುವುದೂ ಅದನ್ನೇ.

ಕಲ್ಲು ಕರಗಿಸುತ್ತದೆ ಎಂಬ ಅತ್ತೆಯವರ ಮಾತಿನ ಹಿಂದಿರುವುದು ಕಾಳಜಿ, ಅವರನ್ನು ನೋಯಿಸದೆ ತಿಳಿಸಿ ಹೇಳಿ. ಈ ಎಲೆಯಲ್ಲಿ ಶೇಕಡಾ 90ಕ್ಕೂ ಹೆಚ್ಚು ನೀರು, ಪೊಟ್ಯಾಸಿಯಂ ಕೂಡ ಚೆನ್ನಾಗಿದೆ, ಬೇಸಿಗೆಯಲ್ಲಿ ತಿಂದರೆ ಹಿತ. ತಂಪು ಎಂಬ ಹೆಸರು ಬಂದದ್ದು ಹೀಗಿರಬೇಕು. ಆದರೆ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಕರಗಿಸುವ ಸೊಪ್ಪಾಗಲಿ ಕಷಾಯವಾಗಲಿ ಇಲ್ಲ. ಯೂರಿಕ್ ಆಮ್ಲದ ಕಲ್ಲು ಮಾತ್ರ, ಮೂತ್ರವನ್ನು ಕ್ಷಾರೀಯಗೊಳಿಸುವ ಔಷಧಿಯಿಂದ ಕರಗಬಲ್ಲದು. ಅದನ್ನೂ ವೈದ್ಯರ ನಿಗಾದಲ್ಲೇ ಮಾಡಬೇಕು. ಎರಡು ವರ್ಷದ ಹಿಂದೆ ಕಲ್ಲಿನ ಪರೀಕ್ಷೆ ಆಗಿದ್ದರೆ ಆ ವರದಿ ಹುಡುಕಿ, ಯಾವ ಬಗೆಯ ಕಲ್ಲು ಎಂದು ಅದರಲ್ಲಿರುತ್ತದೆ. ವರದಿ ಇಲ್ಲವಾದರೆ ಆಕ್ಸಲೇಟ್ ಕಲ್ಲು ಎಂದೇ ತಿಳಿದು ನಡೆಯುವುದು ಕ್ಷೇಮ. ಒಂದು ತಿಂಗಳು ದಿನಾ ತಿಂದಿರುವುದರಿಂದ ಅವರು ಒಮ್ಮೆ ವೈದ್ಯರನ್ನು ಕಂಡು, ಮೂತ್ರ ಪರೀಕ್ಷೆ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಬೇಕೇ ಎಂದು ಕೇಳಲಿ. ಸೊಂಟದ ಪಕ್ಕ ನೋವು, ಮೂತ್ರದಲ್ಲಿ ರಕ್ತ, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಅದೇ ದಿನ ಹೋಗಬೇಕು.

ಹಾಗಾದರೆ ಅವರು ಇದನ್ನು ಮುಟ್ಟಲೇಬಾರದೇ ಎಂದು ಕೇಳಬಹುದು. ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿದರೆ ಕರಗುವ ಆಕ್ಸಲೇಟ್‌ನ ಒಂದು ದೊಡ್ಡ ಪಾಲು ನೀರಿನ ಜೊತೆ ಹೋಗುತ್ತದೆ. ಆದರೂ ಶುರುವಿನ ಪ್ರಮಾಣವೇ ಇಷ್ಟು ದೊಡ್ಡದಿರುವಾಗ ಉಳಿದದ್ದೂ ಕಡಿಮೆಯೇನಲ್ಲ. ಕಲ್ಲು ಆಗಿರುವವರಿಗೆ ಆಕ್ಸಲೇಟ್ ಕಡಿಮೆ ಇರುವ ಬೇರೆ ಹಸಿ ಎಲೆ, ಉದಾಹರಣೆಗೆ ಲೆಟ್ಯೂಸ್, ತಿನ್ನಿ ಎಂದೇ ನಾನು ಹೇಳುತ್ತೇನೆ. ತಣ್ಣೀರಿನಲ್ಲಿ ನೆನೆಹಾಕುವುದರಿಂದ, ಉಪ್ಪು ಸವರುವುದರಿಂದ, ನಿಂಬೆರಸ ಹಿಂಡುವುದರಿಂದ ಎಲೆಯ ಜೀವಕೋಶದೊಳಗಿನ ಆಕ್ಸಲೇಟ್ ಹೊರಗೆ ಬಂದುಬಿಡುವುದಿಲ್ಲ. ನಿಂಬೆಯ ಸಿಟ್ರೇಟ್ ಕಲ್ಲಿನ ರೋಗಿಗಳಿಗೆ ಬೇರೆ ರೀತಿಯಲ್ಲಿ ಒಳ್ಳೆಯದು, ನಿಜ. ಅದನ್ನು ಈ ಸೊಪ್ಪಿಗೆ ಪರಿಹಾರ ಎಂದುಕೊಳ್ಳಬಾರದು.

ಆರೋಗ್ಯವಂತರಿಗೆ ನನ್ನ ಸಲಹೆ ಇಷ್ಟು: ಒಂದು ಹೊತ್ತಿಗೆ 25ರಿಂದ 30 ಗ್ರಾಂ ಹಸಿ ಎಲೆ, ವಾರಕ್ಕೆ ಎರಡು ಮೂರು ಸಲ, ಮೊಸರಿನ ಜೊತೆ. ಮೊಸರು ಯಾಕೆಂದರೆ ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟ್ ಹಿಡಿದುಕೊಂಡು ಮಲದ ಜೊತೆ ಹೊರಹಾಕುತ್ತದೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. 150 ಗ್ರಾಂ ಮೊಸರಿನಲ್ಲಿ ಸುಮಾರು 180 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಕಾಗದದ ಲೆಕ್ಕದಲ್ಲಿ ಅದು 400 ಮಿಲಿಗ್ರಾಂ ಹತ್ತಿರದ ಆಕ್ಸಲೇಟ್‌ಗೆ ಸಾಕು. ಹೊಟ್ಟೆಯಲ್ಲಿ ಕಾಗದದ ಲೆಕ್ಕ ಪೂರ್ತಿ ನಡೆಯುವುದಿಲ್ಲ, ಆದರೂ ಬರಿ ಎಲೆ ತಿನ್ನುವುದಕ್ಕಿಂತ ಇದು ಎಷ್ಟೋ ಮೇಲು. ಮೊಸರು ಅದೇ ಊಟದಲ್ಲಿರಬೇಕು, ಎರಡು ಗಂಟೆ ಬಿಟ್ಟು ತಿಂದರೆ ಈ ಪ್ರಯೋಜನವಿಲ್ಲ. ಹಸಿ ಸೊಪ್ಪನ್ನು ಮಿಕ್ಸಿಗೆ ಹಾಕಿ ಜ್ಯೂಸ್ ಮಾಡಿ ಕುಡಿಯುವುದನ್ನು ಮಾತ್ರ ಆರೋಗ್ಯವಂತರಿಗೂ ಬೇಡ ಎನ್ನುತ್ತೇನೆ. ಅಗಿದು ತಿಂದರೆ 30 ಗ್ರಾಂಗೆ ಸಾಕೆನಿಸುವ ಎಲೆ, ಲೋಟದಲ್ಲಿ 200 ಗ್ರಾಂ ಸುಲಭವಾಗಿ ಇಳಿದುಬಿಡುತ್ತದೆ. ಒಮ್ಮೆಗೇ ಇಷ್ಟು ಆಕ್ಸಲೇಟ್ ಬಂದರೆ ಕಲ್ಲೇ ಇಲ್ಲದ ಕಿಡ್ನಿಗೂ ಹೊಡೆತ.

ಕಲ್ಲಿಲ್ಲದಿದ್ದರೂ ಕಿಡ್ನಿ ಕೆಲಸ ಕುಂದಿದವರು ಇದರಿಂದ ದೂರವಿರಬೇಕು. ಆಕ್ಸಲೇಟ್ ಒಂದು ಕಾರಣ, 100 ಗ್ರಾಂಗೆ ಸುಮಾರು 490 ಮಿಲಿಗ್ರಾಂ ಇರುವ ಪೊಟ್ಯಾಸಿಯಂ ಇನ್ನೊಂದು. ಕರುಳಿನ ಭಾಗ ತೆಗೆಸಿಕೊಂಡವರಿಗೆ, ತೂಕ ಇಳಿಸುವ ಬೈಪಾಸ್ ಶಸ್ತ್ರಚಿಕಿತ್ಸೆ ಆದವರಿಗೆ ಕರುಳು ಆಕ್ಸಲೇಟ್ ಹೀರುವುದು ಹೆಚ್ಚಾಗುತ್ತದೆ, ಅವರಿಗೂ ಬೇಡ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಯಾವುದೇ ಹಸಿರು ಸೊಪ್ಪನ್ನು ಏಕಾಏಕಿ ಹೆಚ್ಚಿಸಬಾರದು.

ಒಮೆಗಾ-3 ವಿಷಯದಲ್ಲಿ ವಿಡಿಯೊ ಹೇಳಿದ್ದು ಅರ್ಧ ಸತ್ಯ. ಎಲೆ ಸೊಪ್ಪುಗಳ ಪೈಕಿ ಗೋಣಿ ಸೊಪ್ಪು ಇದರಲ್ಲಿ ಮುಂದಿದೆ, 100 ಗ್ರಾಂಗೆ ಸುಮಾರು 300ರಿಂದ 400 ಮಿಲಿಗ್ರಾಂ ಆಲ್ಫಾ ಲಿನೊಲೆನಿಕ್ ಆಮ್ಲ, ಅಂದರೆ ಗಿಡಗಳಲ್ಲಿ ಸಿಗುವ ರೂಪದ ಒಮೆಗಾ-3 ಇದೆ. ವಯಸ್ಕ ಹೆಂಗಸರಿಗೆ ದಿನಕ್ಕೆ 1.1 ಗ್ರಾಂ, ಗಂಡಸರಿಗೆ 1.6 ಗ್ರಾಂ ಬೇಕು. 25 ಗ್ರಾಂ ಸೊಪ್ಪಿನಿಂದ ಸಿಗುವುದು ಹೆಚ್ಚೆಂದರೆ 0.1 ಗ್ರಾಂ. ಒಂದು ದೊಡ್ಡ ಚಮಚ, ಅಂದರೆ 7 ಗ್ರಾಂ ಅಗಸೆ ಬೀಜದ ಪುಡಿಯಲ್ಲೇ ಸುಮಾರು 1.6 ಗ್ರಾಂ ಇದೆ. ಮೀನಿನಲ್ಲಿರುವುದು ಇಪಿಎ, ಡಿಎಚ್‌ಎ ಎಂಬ ಬೇರೆ ರೂಪಗಳು. ಸೊಪ್ಪಿನದನ್ನು ನಮ್ಮ ದೇಹ ಅವುಗಳಾಗಿ ಬದಲಿಸುವುದು ಬಹಳ ಕಡಿಮೆ. ಒಮೆಗಾ-3 ಬೇಕೆಂದು ಬಟ್ಟಲುಗಟ್ಟಲೆ ಗೋಣಿ ಸೊಪ್ಪು ತಿಂದರೆ ಅದು ಸಿಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಆಕ್ಸಲೇಟ್ ಒಳಗೆ ಹೋಗಿರುತ್ತದೆ. ರುಚಿಗೆ ತಿನ್ನಿ, ಗರಿಗರಿಯಾದ ಆ ಹುಳಿಗೆ ತಿನ್ನಿ, ಅದಕ್ಕೆ ಈ ಎಲೆ ನಿಜವಾಗಿ ಯೋಗ್ಯ.

ಔಷಧಿ ಹೊಡೆದ ಕುಂಡದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕೀಟನಾಶಕದ ಲೇಬಲ್ ಮೇಲೆ ‘ಸಿಂಪಡಿಸಿದ ಇಷ್ಟು ದಿನದ ಮೇಲೆ ಕೊಯ್ಯಿರಿ’ ಎಂದು ಬರೆದಿರುವುದು ಟೊಮೆಟೊಗೆ, ಅದರ ಬುಡದಲ್ಲಿ ಬೆಳೆದ ಕಳೆಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಬಿಳಿ ನೊಣಕ್ಕೆ ಬಳಸುವ ಇಮಿಡಾಕ್ಲೋಪ್ರಿಡ್‌ನಂಥವು ಅಂತರವ್ಯಾಪಿ ಔಷಧಿಗಳು. ಮಣ್ಣಿಗೆ ಬಿದ್ದದ್ದನ್ನು ಬೇರು ಹೀರಿಕೊಂಡು ಎಲೆಗೆ ಸಾಗಿಸುತ್ತದೆ, ತೊಳೆದರೆ ಹೋಗುವುದಿಲ್ಲ. ಆ ಕುಂಡದ ಗಿಡದಿಂದ ಕಡ್ಡಿ ಮುರಿದು ಹೊಸ ಕುಂಡದಲ್ಲಿ ನೆಡುವುದೂ ಬೇಡ, ಹೊಸ ಮಣ್ಣಿನ ಕುಂಡದಲ್ಲಿ ಬೀಜದಿಂದ ಬೆಳೆಸಿಕೊಳ್ಳಿ. ಗುಲಾಬಿಗೂ ಏನಾದರೂ ಹೊಡೆಯುತ್ತಿದ್ದರೆ ಆ ಕುಂಡಗಳಿಗೂ ಇದೇ ಮಾತು. ರಸ್ತೆ ಬದಿ, ರೈಲು ಹಳಿಯ ಪಕ್ಕ, ಚರಂಡಿ ಹರಿವ ಜಾಗದ ಸೊಪ್ಪು ಎಷ್ಟೇ ನಳನಳಿಸುತ್ತಿದ್ದರೂ ಮುಟ್ಟಬೇಡಿ, ಮಣ್ಣಿನ ಕ್ಯಾಡ್ಮಿಯಂನಂಥ ಭಾರ ಲೋಹಗಳನ್ನು ಈ ಗಿಡ ಎಳೆದುಕೊಳ್ಳುತ್ತದೆ.

ಬೆಳೆಸುವುದು ಸುಲಭ. 15 ಸೆಂ.ಮೀ. ಆಳದ, ನೀರು ಬಸಿದುಹೋಗುವ ಕುಂಡ, ದಿನಕ್ಕೆ ಆರು ಗಂಟೆ ಬಿಸಿಲು ಸಾಕು. ಬೀಜವನ್ನು ಮಣ್ಣಿನ ಮೇಲೆ ಉದುರಿಸಿ ಅಂಗೈಯಿಂದ ಒತ್ತಿ ಬಿಡಿ, ಮುಚ್ಚಬೇಡಿ. ಬೆಳಕು ಬಿದ್ದರೇ ಅದು ಚೆನ್ನಾಗಿ ಮೊಳೆಯುವುದು, ಒಂದು ಸೆಂ.ಮೀ.ಗಿಂತ ಆಳಕ್ಕೆ ಹೋದರೆ ಹುಟ್ಟುವುದೇ ಅಪರೂಪ. ಮಣ್ಣು ಬೆಚ್ಚಗಿರಬೇಕು, 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಹಿತ. ಗೊಬ್ಬರ ಅತಿಯಾಗಬಾರದು, ಅದರಲ್ಲೂ ನೈಟ್ರೇಟ್ ರೂಪದ ಸಾರಜನಕ ಹೆಚ್ಚಾದರೆ ಎಲೆಯಲ್ಲಿ ಆಕ್ಸಲಿಕ್ ಆಮ್ಲವೂ ಹೆಚ್ಚುತ್ತದೆ. ನಾಲ್ಕರಿಂದ ಆರು ವಾರಕ್ಕೆ ಕೊಯ್ಲಿಗೆ ಬರುತ್ತದೆ. ಹೂ ಬಿಡುವ ಮೊದಲು ತುದಿಯ 5ರಿಂದ 8 ಸೆಂ.ಮೀ. ಕತ್ತರಿಸಿ, ಬುಡದಲ್ಲಿ ಎರಡು ಗೆಣ್ಣು ಬಿಟ್ಟರೆ ಮತ್ತೆ ಚಿಗುರುತ್ತದೆ. ಎಲೆಯ ಅಡಿಯಲ್ಲಿ ಬಿಳಿ ಗುಳ್ಳೆಯಂಥ ಚುಕ್ಕೆ ಕಂಡರೆ ಅದು ಬಿಳಿ ತುಕ್ಕು ರೋಗ, ಅಂಥ ಕವಲು ತೆಗೆದುಬಿಡಿ.

ತೊಳೆಯುವಾಗ ಅಗಲ ಪಾತ್ರೆಯಲ್ಲಿ ನೀರು ತುಂಬಿ ಕವಲುಗಳನ್ನು ಮುಳುಗಿಸಿ ಅಲ್ಲಾಡಿಸಿ, ಎಲೆಗಳನ್ನು ಮೇಲಕ್ಕೆತ್ತಿ ತೆಗೆಯಿರಿ. ನೀರು ಬಗ್ಗಿಸಿದರೆ ತಳಕ್ಕಿಳಿದ ಮಣ್ಣು ಮತ್ತೆ ಎಲೆಗೇ ಬರುತ್ತದೆ. ಮೂರು ನೀರು ಬದಲಿಸಿ. ಎಲೆ ಕಾಂಡ ಸೇರುವ ಸಂದಿನಲ್ಲಿ ಮರಳು ಕೂತಿರುತ್ತದೆ, ಅಲ್ಲಿ ಬೆರಳಾಡಿಸಿ. ಬಟ್ಟೆಯ ಮೇಲೆ ಆರಿಸಿ ಡಬ್ಬಿಯಲ್ಲಿಟ್ಟರೆ ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಬಾಳುತ್ತದೆ, ಜಜ್ಜಿದ ಎಲೆ ಇದ್ದರೆ ಬೇಗ ಲೋಳೆಯಾಗುತ್ತದೆ. ಬೆಕ್ಕು ಓಡಾಡುವ ತಾರಸಿಯಾದರೆ ಕುಂಡಕ್ಕೆ ಬಲೆ ಹಾಕಿ. ಬೆಕ್ಕಿನ ಮಲದಿಂದ ಮಣ್ಣಿಗೆ ಸೇರುವ ಟಾಕ್ಸೊಪ್ಲಾಸ್ಮಾ ಪರಾವಲಂಬಿ ಗರ್ಭಿಣಿಯರಿಗೆ ಅಪಾಯ, ಅವರು ಬೇಯಿಸಿಯೇ ತಿನ್ನಲಿ.

ಮಗಳು ಎರಡು ಮೂರು ಎಲೆ ತಿಂದದ್ದಕ್ಕೆ ಗಾಬರಿ ಬೇಡ. ಅವಳ ವಿಷಯದಲ್ಲಿ ನನಗೆ ಚಿಂತೆ ಇರುವುದು ಟೊಮೆಟೊ ಕುಂಡದ್ದು ಮತ್ತು ಯೂಫೋರ್ಬಿಯಾದ್ದು. ಐದು ವರ್ಷದ ಮಗುವಿಗೆ ಎರಡು ಗಿಡದ ವ್ಯತ್ಯಾಸ ಹೇಳಿಕೊಟ್ಟು ನಂಬಿ ಕೂರುವುದಕ್ಕಿಂತ, ಅಮ್ಮ ಕಿತ್ತು ತೊಳೆದು ಕೊಟ್ಟರೆ ಮಾತ್ರ ತಿನ್ನಬೇಕು ಎಂಬ ಒಂದೇ ನಿಯಮ ಸಾಕು. ತಾರಸಿಯ ಯೂಫೋರ್ಬಿಯಾವನ್ನು ಕೈಗವಸು ಹಾಕಿಕೊಂಡು ಬೇರು ಸಮೇತ ತೆಗೆದುಬಿಡಿ.

ಔಷಧಿ ಹೊಡೆದ ಕುಂಡಗಳ ಗೋಣಿ ಸೊಪ್ಪು ಕೀಳುವಾಗಲೂ ಒಂದು ಎಚ್ಚರ ಬೇಕು. ಕಿತ್ತು ಪಕ್ಕದಲ್ಲಿ ಎಸೆದರೆ ಅದು ಸಾಯುವುದಿಲ್ಲ. ದಪ್ಪ ಎಲೆಯ ನೀರಿನಲ್ಲೇ ದಿನಗಟ್ಟಲೆ ಬದುಕಿ, ತುಂಡಾದ ಕಾಂಡವೂ ಗೆಣ್ಣಿನಲ್ಲಿ ಬೇರು ಬಿಡುತ್ತದೆ, ಕಾಯಿ ಅಲ್ಲೇ ಬಲಿತು ಬೀಜ ಚೆಲ್ಲುತ್ತದೆ. ಚೆನ್ನಾಗಿ ಹರಡಿದ ಒಂದೇ ಗಿಡ ಲಕ್ಷಕ್ಕೂ ಹೆಚ್ಚು ಬೀಜ ಕೊಡಬಲ್ಲದು. ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ 1879ರಲ್ಲಿ ಬಾಟಲಿಗಳಲ್ಲಿ ಹೂತಿಟ್ಟ ಕಳೆ ಬೀಜಗಳಲ್ಲಿ ಇದರ ಬೀಜ 40 ವರ್ಷದ ನಂತರವೂ ಮೊಳೆಯಿತು. ಹೂ ಬಿಡುವ ಮೊದಲೇ ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಬಿಸಿಲಿನಲ್ಲಿಟ್ಟು ಪೂರ್ತಿ ಕೊಳೆತ ಮೇಲೆ ಕಸಕ್ಕೆ ಹಾಕಿ. ಕಾಂಪೋಸ್ಟ್ ತೊಟ್ಟಿಗೆ ಹಾಕಿದರೆ ಮುಂದಿನ ಬೇಸಿಗೆಗೆ ಎಲ್ಲ ಕುಂಡಗಳಲ್ಲೂ ಅದೇ ಬರುತ್ತದೆ, ಯಾವುದು ಶುದ್ಧ ಮಣ್ಣಿನದು, ಯಾವುದು ಔಷಧಿ ಕುಂಡದ್ದು ಎಂದು ಆಗ ಲೆಕ್ಕ ಇಡುವುದು ಕಷ್ಟ.